‘ಬೀಟರ್’ ಪದಕ್ಕೆ ಕನ್ನಡ ಬೇಕು (ತುರ್ತು)

ಪ್ರಶ್ನೆ (ಶಿವಮೊಗ್ಗ):
ಮಲೆನಾಡಿನ ಬೇಟೆ ಕುರಿತ ಪ್ರದರ್ಶನದ ಫಲಕಗಳು ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಗದ್ದಲವೆಬ್ಬಿಸಿ ಮಿಗಗಳನ್ನು ಕೋವಿಯವರ ಕಡೆಗೆ ಅಟ್ಟುವ ‘ಬೀಟರ್’ಗಳಿಗೆ ಏನೆನ್ನಲಿ? ‘ಹೊಡೆಯುವವರು’ ಎಂದರೆ ಗುಂಡು ಹೊಡೆಯುವವರು ಎಂದಾಗುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಗ್ಗೆ ಇನ್ನೊಂದು ಫಲಕದ ಸಾಲು ಹೀಗಿದೆ: ‘1972ರ ಕಾಯ್ದೆಯಿಂದ ಶಿಕಾರಿಗಳೆಲ್ಲ ಕಳ್ಳಬೇಟೆಗಾರರಾದರು’. ಕೋವಿಗಳ ಚಿತ್ರಗಳಿಗೆ ‘ಕೇಪಿನ ಕೋವಿ’, ‘ತೋಟಾ ಕೋವಿ’ ಎಂದೂ ತಂತಿ ಕುಣಿಕೆಯ ಚಿತ್ರಕ್ಕೆ ‘ಬಲೆ’ ಎಂದೂ ಹಾಕಿದ್ದೇನೆ. ಸರಿಯೇ?

ಮರು (ತೀರ್ಥಹಳ್ಳಿ):
ಸೋವುವವರು. ಹೊಸ ಪದ ಟಂಕಿಸಬೇಡಿ. ಕೆಲಸದ ಹೆಸರು ಹಳು ಸೋವುವುದು. ಹಳು ಎಂದರೆ ಹಳಗನ್ನಡದ ಪಳು, ದಟ್ಟ ಕಾಡು. ‘ಹಳೆಯ’ಕ್ಕೂ ಇದಕ್ಕೂ ಸಂಬಂಧವಿಲ್ಲ. ಸೋವುವವರು ಸಾಲುಗಟ್ಟಿ, ನಾಯಿ ಬಿಟ್ಟು, ಕೂಗು ಹಾಕುತ್ತ ಒಂದು ಕಡೆಯಿಂದ ಬರುತ್ತಾರೆ. ಎದುರು ಕಡೆ ಹಂದಿ, ಕಡ (ಕಡವೆ) ದಾಟುವ ಕಂಡಿಗಳಲ್ಲಿ ಕೋವಿಯವರು ಬಿಲ್ಲಿಗೆ ಕೂತಿರುತ್ತಾರೆ. ಕೈಗೆ ಕೋವಿ ಬಂದರೂ ಕೂರುವ ಜಾಗದ ಹೆಸರು ‘ಬಿಲ್ಲು’ ಆಗಿಯೇ ಉಳಿಯಿತು, ಇದನ್ನು ಫಲಕದಲ್ಲಿ ದಯವಿಟ್ಟು ಸೇರಿಸಿ. ಗಾಳಿ ಬಿಲ್ಲಿನಿಂದ ಹಳುವಿನತ್ತ ಬೀಸಿದರೆ ವಾಸನೆ ಹಿಡಿದ ಹಂದಿ ಸೋವುವವರ ನಡುವೆಯೇ ಹಿಂದಕ್ಕೆ ನುಗ್ಗುತ್ತದೆ. ಸೋವು ಹತ್ತಿರ ಬಂದ ಮೇಲೆ ಹಳುವಿನ ಕಡೆಗೆ ಈಡು ಹೊಡೆದರೆ ಮನುಷ್ಯರಿಗೇ ತಗಲುತ್ತದೆ.

ಮರು (ಧಾರವಾಡ):
‘ಶಿಕಾರಿ’ ತೆಗೆಯಿರಿ. ಅದು ಪಾರಸಿ. ನಮ್ಮದು ಬೇಟೆ, ಹಿಂದಿನ ರೂಪ ಬೇಂಟೆ. ತಮಿಳಿನ ವೇಟ್ಟೈ ಇದರ ನಂಟು, ‘ಬೇಡ’ವೂ ಇದೇ ಕುಲದ್ದು. ಕೋವಿಯ ಮುಂದೆ ಕೇಪು, ತೋಟಾ ಎಂದೆಲ್ಲ ಅಂಟಿಸುವುದೂ ಬೇಡ.

ಮರು (ಸಾಗರ):
ಒಪ್ಪುವುದಿಲ್ಲ. ‘ಶಿಕಾರಿಗೆ ಹೋದರು’ ಎನ್ನುವ ಮಲೆನಾಡಿನಲ್ಲಿ ಶಿಕಾರಿ ಎಂದರೆ ಬೇಟೆ, ಬೇಟೆಗಾರನಲ್ಲ. ಪಾರಸಿಯ ಅರ್ಥವನ್ನೇ ಬದಲಿಸಿಕೊಂಡ ಪದ ಕನ್ನಡದ್ದಲ್ಲದೆ ಇನ್ಯಾರದು? ಫಲಕದಲ್ಲಿ ತಪ್ಪಾಗಿರುವುದು ‘ಶಿಕಾರಿಗಳು’ ಎಂಬ ಹಿಂದಿ ಬಳಕೆ. ಗುರಿಕಾರನಿಗೆ ‘ಈಡುಗಾರ’ ಎನ್ನಿ. ಕೇಪು, ತೋಟಾ ತೆಗೆದರೆ ಎರಡು ಕೋವಿಗಳನ್ನು ಹೇಗೆ ಬೇರೆ ಮಾಡುತ್ತೀರಿ? ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು, ಚರೆ (ಸಣ್ಣ ಗುಂಡು) ತುಂಬಿ ಗಜದಿಂದ, ಎಂದರೆ ಉದ್ದ ಸರಳಿನಿಂದ, ಜಡಿಯಬೇಕು. ಮದ್ದಿಗೆ ಕಿಡಿ ಕೊಡುವ ಪುಟ್ಟ ಟೊಪ್ಪಿಯೇ ಕೇಪು. ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿದರೆ ಕೇಪು ಚಟ್ ಎಂದು ಸುಮ್ಮನಾಗುತ್ತದೆ. ತೋಟಾ ಕೋವಿಗೆ ಹಿಂದಿನಿಂದ ತೋಟಾ ಹಾಕಿದರಾಯಿತು.

ಮರು (ಮಡಿಕೇರಿ):
ಪದಕ್ಕಿಂತ ಮೊದಲು ಇಸವಿ ಸರಿಮಾಡಿ. 1972ರ ಕಾಯ್ದೆಯಲ್ಲಿ ಲೈಸೆನ್ಸ್ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಅವಕಾಶವಿತ್ತು. ಅದನ್ನು ಮುಚ್ಚಿದ್ದು 1991ರ ತಿದ್ದುಪಡಿ. ಕಳ್ಳಬೇಟೆಯೂ 1972ರಲ್ಲಿ ಹುಟ್ಟಿದ್ದಲ್ಲ, ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬೇಟೆ ಮತ್ತು ಮೀನಿನ ರಕ್ಷಣೆಗೆ ಕಾನೂನಿತ್ತು. 1972ರ ಕಾಯ್ದೆ ಪ್ರಾಣಿಯನ್ನು ಅಟ್ಟುವುದನ್ನೂ ಬೇಟೆ ಎಂದೇ ಎಣಿಸುತ್ತದೆ. ಹಾಗಾಗಿ ಸೋವುವವರೂ ಬೇಟೆಗಾರರೇ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಈಗಲೂ ಇದೆ, ಗುರಿ ಮಾತ್ರ ತೆಂಗಿನಕಾಯಿ.
ಚಿತ್ರದಲ್ಲಿರುವುದು ಬಲೆಯಲ್ಲ, ಉರುಳು. ಊರೇ ಸೇರಿ ಸೋವುತ್ತಿದ್ದ ಕಡೆ ಈಗ ಒಬ್ಬನೇ ರಾತ್ರಿ ಬಂದು ಬೇಲಿಯ ಕಂಡಿಗೆ ಬೈಕಿನ ಕ್ಲಚ್ ವೈರ್ ಕಟ್ಟಿ ಹೋಗುತ್ತಾನೆ. ಹಂದಿಗೆಂದು ಇಟ್ಟದ್ದಕ್ಕೆ ಚಿರತೆ ಸೊಂಟ ಸಿಕ್ಕಿಸಿಕೊಳ್ಳುತ್ತದೆ, ಎಳೆದಷ್ಟೂ ಬಿಗಿಯುತ್ತದೆ.

ಮರು (ಧಾರವಾಡ):
ಉರುಳು ಎಂದರೆ ಹೊರಳು. ‘ಕುಣಿಕೆ’ ಎನ್ನಿ. ಕ್ಲಚ್ ವೈರ್ ಯಾಕೆ, ‘ತಂತಿ’ ಸಾಲದೆ?

ಮರು (ತೀರ್ಥಹಳ್ಳಿ):
ಹೊರಳುವ ಉರುಳು ಬೇರೆ, ನೇಣಿನ ಉರುಳು ಬೇರೆ. ಎರಡನೆಯದನ್ನು ಆಡುಮಾತಿನಲ್ಲಿ ಉರ್ಲು ಎನ್ನುತ್ತಾರೆ. ಕುಣಿಕೆ ದನದ ಹಗ್ಗಕ್ಕೂ ಇರುತ್ತದೆ. ‘ತಂತಿ’ ಎಂದರೆ ಓದುವವರಿಗೆ ಬೇಲಿಯ ಒಂಟಿ ತಂತಿ ಕಾಣುತ್ತದೆ. ಇದು ಹಲವು ಎಳೆ ಹೊಸೆದದ್ದು. ಬಾಗುತ್ತದೆ, ತುಂಡಾಗುವುದಿಲ್ಲ, ಪ್ರಾಣಿ ಸಾಯುವುದೇ ಅದರಿಂದ. ಫಲಕದಲ್ಲಿ ಅದೇ ಹೆಸರಿರಲಿ.

ಪ್ರಶ್ನೆ ಕೇಳಿದವರು (ಶಿವಮೊಗ್ಗ):
ಸೋವುವವರು, ಬಿಲ್ಲು, ಈಡುಗಾರ, ಉರುಳು ಸೇರಿಸಿದೆ. 1972ರ ಸಾಲು ತೆಗೆದು 1991 ಹಾಕಿದೆ. ಉರುಳಿನ ಚಿತ್ರದ ಕೆಳಗೆ: ‘ಕ್ಲಚ್ ವೈರಿನ ಉರುಳು, ಕಾಫಿ ತೋಟದ ಬೇಲಿ’.