ಲೋಹದ ಕ್ಲಾಸ್ಪ್‌ಗೆ ಹಲ್ಲಿನ ಬಣ್ಣದ ಲೇಪ: ಬಾಳಿಕೆ ಬರುವುದು ಯಾವುದಾದರೂ ಇದೆಯಾ?

ಹೊಸಲ್ಯಾಬಿಗ:
ಡೆಂಟಲ್ ಲ್ಯಾಬ್‌ನಲ್ಲಿ ಕೆಲಸ ಕಲಿಯುತ್ತಿದ್ದೇನೆ. ಕೋಬಾಲ್ಟ್ ಕ್ರೋಮ್ ಲೋಹದ ಪಾರ್ಷಿಯಲ್ ಡೆಂಚರ್‌ನ (ಕೆಲವು ಹಲ್ಲುಗಳ ಬದಲಿಗೆ ಹಾಕಿ ತೆಗೆಯುವ ಸೆಟ್) ಕ್ಲಾಸ್ಪ್, ಅಂದರೆ ಹಲ್ಲನ್ನು ಹಿಡಿಯುವ ಕೊಕ್ಕೆ, ಕೋರೆಹಲ್ಲಿನ ಮೇಲೆ ಬಂದರೆ ನಕ್ಕಾಗ ಎದ್ದು ಕಾಣುತ್ತದೆ. ಮೊನ್ನೆ ಒಬ್ಬರು ಹೊಸ ಡೆಂಚರ್ ಹಾಕಿಕೊಂಡು ಕನ್ನಡಿ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡರು, ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಹಳೆಯ ಒಂದು ಕ್ಲಾಸ್ಪ್‌ಗೆ ಕಾಂಪೊಸಿಟ್ (ಹಲ್ಲಿನ ಬಣ್ಣದ ರೆಸಿನ್) ಹಚ್ಚಿ, ಮಾಡೆಲ್ ಮೇಲೆ ಹಾಕಿ ತೆಗೆದು ನೋಡಿದೆ. ಸ್ವಲ್ಪ ಹೊತ್ತಿಗೇ ಚಕ್ಕೆ ಎದ್ದಿತು. ವರ್ಷಗಟ್ಟಲೆ ಉಳಿಯುವ, ಬಾಯಿಗೆ ತೊಂದರೆ ಕೊಡದ ಲೇಪ ಯಾವುದು?

ಬೆಂಚ್‌ಮುಂದೆ:
ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಭಾಗ ಬಾಗುತ್ತದೆಯಾ? ಕ್ಲಾಸ್ಪ್ ಪ್ರತಿ ಸಲ ಹಲ್ಲಿನ ಉಬ್ಬು ದಾಟುವಾಗ ಅಗಲವಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ, ಲೋಹ ಅದನ್ನು ತಡೆದುಕೊಳ್ಳುತ್ತದೆ, ಮೇಲಿನ ಗಟ್ಟಿ ಪದರ ತಡೆದುಕೊಳ್ಳುವುದಿಲ್ಲ. ನಿಮ್ಮ ಕಾಂಪೊಸಿಟ್ ಎದ್ದಿದ್ದು ಮುಖ್ಯವಾಗಿ ಇದರಿಂದಲೇ.

ಬಾಗದ ಭಾಗಕ್ಕಾದರೆ ಕಾಂಪೊಸಿಟ್ ಒಳ್ಳೆಯದೇ. 50 ಮೈಕ್ರಾನ್ ಅಲ್ಯುಮಿನಾದಿಂದ ಸ್ಯಾಂಡ್‌ಬ್ಲಾಸ್ಟ್ ಮಾಡಿ, ಎಂಡಿಪಿ (ಲೋಹಕ್ಕೆ ಅಂಟುವ ರಾಸಾಯನಿಕ) ಇರುವ ಮೆಟಲ್ ಪ್ರೈಮರ್ ಹಚ್ಚಿ, ಆಮೇಲೆ ಲೋಹದ ಬಣ್ಣ ಮರೆಮಾಡುವ ಓಪೇಕರ್ ಹಾಕಿ. ಓಪೇಕರ್ ಅನ್ನು ಒಂದೇ ಸಲ ದಪ್ಪಗೆ ಬಳಿಯಬೇಡಿ. ಬೆಳಕು ಒಳಗೆ ಇಳಿಯದೆ ಅಡಿ ಹಸಿಯಾಗಿಯೇ ಉಳಿಯುತ್ತದೆ, ಅಲ್ಲಿಂದಲೇ ಬಿಟ್ಟುಕೊಳ್ಳುತ್ತದೆ. ತೆಳುವಾಗಿ ಎರಡು ಸಲ ಹಚ್ಚಿ, ಪ್ರತಿ ಸಲ ಕ್ಯೂರ್ ಮಾಡಿ (ಬೆಳಕಿನಿಂದ ಗಟ್ಟಿ ಮಾಡಿ).

ಕ್ರೌನ್‌ಗೆ (ಹಲ್ಲಿನ ಮೇಲೆ ಕೂರಿಸುವ ಟೊಪ್ಪಿಗೆ) ಪೋರ್ಸಲೇನ್‌ಗಿಂತ ಹೆಚ್ಚು ಬಾಳಿಕೆ ಬರುವ ಲೇಪ ಸಿಗುವುದು ಕಷ್ಟ. ಲೋಹದ ಮೇಲಿನ ಆಕ್ಸೈಡ್ ಪದರಕ್ಕೆ ಅದು ಹಿಡಿದುಕೊಳ್ಳುತ್ತದೆ. ಇದಕ್ಕಿರುವ ಮಾನದಂಡ ಐಎಸ್‌ಒ 9693 ಪ್ರಕಾರ ಆ ಹಿಡಿತ ಕನಿಷ್ಠ 25 ಮೆಗಾಪಾಸ್ಕಲ್ ಇರಬೇಕು. ಆದರೆ ಸುಡುವ ಬಿಸಿ ಸಾಮಾನ್ಯವಾಗಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಸ್ಟೀಲ್ ತಂತಿಯ ಕ್ಲಾಸ್ಪ್ ಅನ್ನು ಆ ಬಿಸಿಯಲ್ಲಿಟ್ಟರೆ ಅದರ ಸ್ಪ್ರಿಂಗ್ ಗುಣವೇ ಹೋಗುತ್ತದೆ.

ಮೇಲ್ಮೈ_ಎಂಜಿನಿಯರ್:
ನಾನು ವ್ಯಾಕ್ಯೂಮ್ ಕೋಟಿಂಗ್ ಕಡೆಯವನು. ನಮ್ಮಲ್ಲಿ ಗಟ್ಟಿಯಾಗಿರುವುದು ಯಾವುದೂ ಹಲ್ಲಿನ ಬಣ್ಣದ್ದಲ್ಲ. ಟೈಟೇನಿಯಂ ನೈಟ್ರೈಡ್ ಚಿನ್ನದ ಬಣ್ಣ, ಜಿರ್ಕೋನಿಯಂ ನೈಟ್ರೈಡ್ ತಿಳಿ ಚಿನ್ನ, ವಜ್ರದಂಥ ಕಾರ್ಬನ್ ಪದರ ಕಪ್ಪು. ಬಿಳಿ ಆಕ್ಸೈಡ್ ಹಾಕಬಹುದಲ್ವಾ ಎಂದು ಕೇಳುತ್ತಾರೆ. ಎರಡು ಮೂರು ಮೈಕ್ರಾನ್ ಆಕ್ಸೈಡ್ ಪಾರದರ್ಶಕ, ಅಡಿಯ ಲೋಹ ಹಾಗೇ ಕಾಣುತ್ತದೆ. ಬಿಳಿ ಕಾಣಬೇಕಾದರೆ ಬೆಳಕನ್ನು ಚದುರಿಸುವ ಕಣ ಬೇಕು, ಅದಕ್ಕೆ ದಪ್ಪ ಬೇಕು. ದಪ್ಪ ಜಾಸ್ತಿಯಾದಷ್ಟೂ ಬಾಗಿದಾಗ ಬಿರುಕು ಬೇಗ.

ತಂತಿಡಾಕ್ಟರ್:
ಬ್ರೇಸಸ್ ತಂತಿಗೆ ಟೆಫ್ಲಾನ್ ಅಥವಾ ಎಪಾಕ್ಸಿ ಲೇಪ ಬರುತ್ತದೆ. ಹಾಕಿದ ದಿನ ಚೆಂದ. ಕೆಲವೇ ವಾರಗಳಲ್ಲಿ ಬ್ರಷ್ ಉಜ್ಜಿ, ಬ್ರಾಕೆಟ್ ಅಂಚು ತಾಗಿ ಸುಲಿಯುತ್ತದೆ. ಸುಲಿದ ಅಂಚಿನಲ್ಲಿ ಕೊಳೆ ಸೇರುತ್ತದೆ. ಲೇಪಕ್ಕೆ ಜಾಗ ಬಿಡಲು ಒಳಗಿನ ತಂತಿ ಸಣ್ಣ ಮಾಡಿದ್ದರೆ ಎಳೆಯುವ ಬಲವೂ ಕಡಿಮೆ. ನಾವು ತಂತಿಯನ್ನು ಹೇಗೂ ಬದಲಿಸುತ್ತೇವೆ, ಆದ್ದರಿಂದ ನಡೆಯುತ್ತದೆ. ಡೆಂಚರ್‌ಗೆ ಇದನ್ನು ಸಲಹೆ ಮಾಡಲಾರೆ.

ಇನ್ನೊಂದು ಮಾತು. ನಿಕ್ಕಲ್ ಅಲರ್ಜಿ ಇರುವವರಿಗೆ ಲೇಪವನ್ನು ನಂಬಿ ನಿಕ್ಕಲ್ ಇರುವ ಲೋಹ ಕೊಡಬೇಡಿ, ಒಂದು ಗೀರು ಬಿದ್ದರೆ ಸಾಕು. ಲೋಹವನ್ನೇ ಬದಲಿಸಿ. 'ಫುಡ್ ಗ್ರೇಡ್' ಎಂಬ ಚೀಟಿ ನೋಡಿ ಬಾಯಿಗೆ ಹಾಕುವುದೂ ತಪ್ಪು. ಆಹಾರ ಸ್ವಲ್ಪ ಹೊತ್ತು ತಾಗುತ್ತದೆ, ಇದು ತಿಂಗಳುಗಟ್ಟಲೆ ಒಸಡಿಗೆ ಒತ್ತಿಕೊಂಡಿರುತ್ತದೆ. ವೈದ್ಯಕೀಯ ಸಾಧನಗಳು ದೇಹಕ್ಕೆ ಸುರಕ್ಷಿತವೇ ಎಂದು ನೋಡುವ ಮಾನದಂಡ ಐಎಸ್‌ಒ 10993ರಲ್ಲಿ 30 ದಿನ ದಾಟಿದರೆ ದೀರ್ಘಕಾಲದ ಸಂಪರ್ಕ ಎಂದೇ ಲೆಕ್ಕ. ಡಬ್ಬಿಯೊಳಗಿನ ದ್ರವದ ಪರೀಕ್ಷೆ ಸಾಲದು, ಕ್ಯೂರ್ ಆದ ಮೇಲಿನ ಸಿದ್ಧ ವಸ್ತುವಿನ ಪರೀಕ್ಷೆ ಕೇಳಿ.

ಹೊಸಲ್ಯಾಬಿಗ:
ಹಾಗಾದರೆ ಕ್ಲಾಸ್ಪ್‌ಗೆ ಲೇಪದ ದಾರಿಯೇ ಇಲ್ಲ ಅನ್ನಿ. ಅವರಿಗೆ ಏನು ಹೇಳಲಿ?

ಬೆಂಚ್‌ಮುಂದೆ:
ಲೇಪ ಬಿಡಿ, ಕ್ಲಾಸ್ಪ್ ಅನ್ನೇ ಹಲ್ಲಿನ ಬಣ್ಣದ ಅಸಿಟಾಲ್ ಎಂಬ ಪ್ಲಾಸ್ಟಿಕ್‌ನಲ್ಲಿ ಮಾಡಿ, ಚೌಕಟ್ಟು ಲೋಹದ್ದೇ ಇರಲಿ. ಬಣ್ಣ ಒಳಗಿನವರೆಗೂ ಇರುವುದರಿಂದ ಸುಲಿಯಲು ಏನೂ ಇಲ್ಲ. ಆದರೆ ಅಸಿಟಾಲ್ ಕೋಬಾಲ್ಟ್ ಕ್ರೋಮ್‌ಗಿಂತ ತುಂಬಾ ಮೆತ್ತಗೆ. ಅದಕ್ಕೇ ದಪ್ಪ ಮಾಡಬೇಕು, ಅಂಡರ್‌ಕಟ್ (ಹಲ್ಲಿನ ಉಬ್ಬಿನ ಕೆಳಗೆ ಕ್ಲಾಸ್ಪ್ ಹಿಡಿಯುವ ತಗ್ಗು) ಕೂಡ ಆಳವಾಗಿ ತೆಗೆದುಕೊಳ್ಳಬೇಕು. ದಪ್ಪ ಆದ ಮೇಲೆ ಅಂಚು ಸ್ವಚ್ಛವಾಗಿಡಲು ಅವರಿಗೆ ಹೇಳಿಕೊಡಿ. ಒಸಡಿನ ಕಡೆಯಿಂದ ಬರುವ ಐ-ಬಾರ್ ಕ್ಲಾಸ್ಪ್ ಮಾಡಿದರೂ ತುಟಿ ಅದನ್ನು ಮರೆಮಾಡಬಹುದು. ಅವರು ನಕ್ಕಾಗ ತುಟಿ ಎಲ್ಲಿಯವರೆಗೆ ಏಳುತ್ತದೆ ಎಂದು ಡಾಕ್ಟರನ್ನು ಕೇಳಿ, ಒಂದು ಫೋಟೋ ತರಿಸಿಕೊಳ್ಳಿ, ಡಿಸೈನ್ ಅದನ್ನು ನೋಡಿ ಶುರುಮಾಡಿ.

ಹೊಸಲ್ಯಾಬಿಗ:
ಫೋಟೋ ಇವತ್ತೇ ಕೇಳುತ್ತೇನೆ. ತುಟಿ ಅಷ್ಟೊಂದು ಏಳದಿದ್ದರೆ ಐ-ಬಾರ್, ಇಲ್ಲದಿದ್ದರೆ ಅಸಿಟಾಲ್.