ಸಹಾಯ ಬೇಕು: ಫಿಲಿಪೀನ್ಸ್‌ನ ಸಹೋದ್ಯೋಗಿಗೆ ಧೈರ್ಯ ತುಂಬೋದು ಹೇಗೆ?

ದುಬೈ ಕನ್ನಡಿಗರೇ, ಒಂದು ಸಲಹೆ ಬೇಕಿತ್ತು. ನನ್ನ ಜೊತೆ ಕೆಲಸ ಮಾಡೋ ಫಿಲಿಪೀನ್ಸ್‌ನ ಒಬ್ಬ ಅಕ್ಕನಿಗೆ 50ರ ಹತ್ತಿರ ವಯಸ್ಸು. ತಿಂಗಳುಗಟ್ಟಲೆ ಸೋಪು, ಚಾಕೊಲೇಟು, ಟಿನ್ ಮಾಂಸ ಕೂಡಿಟ್ಟು ಊರಿಗೆ ಬಾಲಿಕ್‌ಬಾಯನ್ ಅನ್ನೋ ಉಡುಗೊರೆ ಪೆಟ್ಟಿಗೆ ಕಳಿಸ್ತಾರೆ. ಈಗೀಗ "ದುಡ್ಡು ಕಳಿಸೋದು ಬಿಟ್ರೆ ನಾನು ಯಾರಿಗೂ ಬೇಡ" ಅಂತ ಅಳ್ತಾರೆ. ನಿದ್ದೆನೂ ಇಲ್ಲ.

ಮನೆಯವರಿಗೆ ಹೇಳಿ ಅಂದೆ, ಮಕ್ಕಳು ಗಾಬರಿಯಾಗ್ತಾರೆ ಅಂತ ಒಪ್ಪಲ್ಲ. ಊದ್ ಮೇಥಾದ ಸೇಂಟ್ ಮೇರೀಸ್ ಚರ್ಚ್‌ಗೂ ಕರ್ಕೊಂಡು ಹೋದೆ. ಪ್ರಾರ್ಥನೆ ಮುಗೀತಿದ್ದಂಗೆ ಯಾರ ಹತ್ರಾನೂ ಮಾತಾಡದೆ ಹೊರಟುಬಿಟ್ರು. ತಮ್ಮ ದೇಶದವರ ಮುಂದೆ ಸೋತಂಗೆ ಕಾಣಬಾರ್ದು ಅನ್ನೋ ಸಂಕೋಚ ಇರ್ಬೇಕು.

ವಿದೇಶದಲ್ಲಿ ದುಡಿಯೋರಿಗಾಗಿ ಅವರ ಸರ್ಕಾರದ್ದೇ ಓವಾ ಅನ್ನೋ ಕಲ್ಯಾಣ ಸಂಸ್ಥೆ ಇದೆ, ಇವರು ಸದಸ್ಯರೂ ಹೌದು. ಆದ್ರೆ ಅಲ್ಲಿ ಹೇಳಿದ್ದು ಕಂಪನಿಗೋ ಮನೆಗೋ ಗೊತ್ತಾಗುತ್ತೆ ಅನ್ನೋ ಭಯ. ಅಲ್ಲಿ ಹೇಳಿಕೊಂಡಿದ್ದು ಗುಟ್ಟಾಗೇ ಇರುತ್ತಾ? ಇಲ್ಲಾಂದ್ರೆ ಟಗಾಲೊಗ್ ಮಾತಾಡೋ ಆಪ್ತಸಮಾಲೋಚಕರು ದುಬೈನಲ್ಲಿ ಯಾರಾದ್ರೂ ಗೊತ್ತಾ?