ಸಹಾಯ ಬೇಕು: ಹೆಪಟೈಟಿಸ್ ಸಿ ಮಾತ್ರೆ ಮುಗಿಸಿದವರು ಯಾರಾದರೂ ಇದ್ದೀರಾ?

ನಮಸ್ಕಾರ. ನಮ್ಮ ಅಮ್ಮನಿಗೆ ಹೆಪಟೈಟಿಸ್ ಸಿ (ಲಿವರ್‌ಗೆ ತಗಲುವ ವೈರಸ್ ಸೋಂಕು). ಡಾಕ್ಟರು ಸೋಫೋಸ್ಬುವಿರ್-ವೆಲ್ಪಟಾಸ್ವಿರ್ ಬರೆದಿದ್ದಾರೆ. ದಿನಕ್ಕೊಂದು ಮಾತ್ರೆ, 12 ವಾರ. ನೂರಕ್ಕೆ 95 ಜನರಿಗಾದರೂ ವೈರಸ್ ಪೂರ್ತಿ ಹೋಗುತ್ತದಂತೆ. ಆದರೆ ಹಿಂದೆ ಚಿಕ್ಕಪ್ಪ ಇದೇ ಕಾಯಿಲೆಗೆ ಆಗ ಕೊಡುತ್ತಿದ್ದ ಇಂಟರ್‌ಫೆರಾನ್ ಇಂಜೆಕ್ಷನ್ ತೆಗೆದುಕೊಂಡು ತಿಂಗಳುಗಟ್ಟಲೆ ಜ್ವರ, ಮಂಕು ಅಂತ ನರಳಿದ್ದರು. ಅದನ್ನು ನೋಡಿದ ಅಮ್ಮ ಈಗ ಹೆದರಿದ್ದಾರೆ. ಇದು ಹಾಗಲ್ಲ, ಹೆಚ್ಚಿನವರಿಗೆ ತಲೆನೋವು, ಸುಸ್ತು ಅಷ್ಟೇ ಅಂದರೂ ನಂಬುತ್ತಿಲ್ಲ.

ನನ್ನ ಚಿಂತೆ ಬೇರೆ. ಅಮ್ಮ ವರ್ಷಗಳಿಂದ ಗ್ಯಾಸ್‌ಗೆ ಪ್ಯಾಂಟೊಪ್ರಜೋಲ್ ನುಂಗುತ್ತಾರೆ. ಅದು ಹೊಟ್ಟೆಯ ಆಮ್ಲ ಕಮ್ಮಿ ಮಾಡುವ ಮಾತ್ರೆ. ಆಮ್ಲ ಕಮ್ಮಿಯಾದರೆ ವೆಲ್ಪಟಾಸ್ವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಡಾಕ್ಟರಿಗೆ ಇದನ್ನು ಹೇಳಲು ಮರೆತೆವು, ಸೋಮವಾರ ಕೇಳುತ್ತೇವೆ. ಅಲ್ಲಿಯವರೆಗೆ ಮಾತ್ರೆ ಶುರು ಮಾಡಿಲ್ಲ.

ಈ ಕೋರ್ಸ್ ಮುಗಿಸಿದವರು ದಯವಿಟ್ಟು ಹೇಳಿ: ಗ್ಯಾಸ್ ಮಾತ್ರೆಗೆ ನಿಮ್ಮ ಡಾಕ್ಟರು ಏನು ಹೇಳಿದ್ದರು? ಸುಸ್ತು ಎಷ್ಟು ದಿನ ಇತ್ತು? ಕಷಾಯದ ಸಲಹೆ ಬೇಡ, ಅದು ಮನೆಯಲ್ಲೇ ಜಾಸ್ತಿ ಸಿಗುತ್ತಿದೆ!